ಬಾಲ ಕಳಚಿದ ಹಲ್ಲಿ

ನನ್ನ ಹೆಸರು ಶಾಂತಲಾ. ಹೆಸರಲ್ಲಿ ಮಾತ್ರ ಶಾಂತಿ, ಬಾಯಿ ಗುಂಟೂರು ಮೆಣಸಿನಕಾಯಿ ಅಂತ ನಮ್ಮ ಶಾಲೆಯಲ್ಲಿ ಎಲ್ಲರೂ ಆಡಿಕೊಳ್ತಾರೆ. ಆಡಿಕೊಳ್ಳಲಿ ಬಿಡಿ. ಅಟ್ಟೂರಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಚಿಕ್ಕ ಮಕ್ಕಳ ಮೂಗು ಒರೆಸಿಕೊಂಡು, ಮಗ್ಗಿ ಹೇಳಿಸಿಕೊಂಡು ಬಂದಿದ್ದೀನಿ. ಇನ್ನೊಂದು ವರ್ಷಕ್ಕೆ ರಿಟೈರ್ ಆಗ್ತೀನಿ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು, ಬೇಕಾದ ಹೊತ್ತಲ್ಲಿ ಅದನ್ನ ಅರ್ಧ ತೆರೆದು ಮುಚ್ಚಿಕೊಂಡುಬಿಟ್ಟೆ. ಅದೊಂದು ಸಂಕಟ ಹೊಟ್ಟೆಯಲ್ಲಿ ಉಳಿದಿದೆ. ಅದನ್ನ ಹೇಳಬೇಕು ಅಂದ್ರೆ ಮೊದಲು ಗೌಹರ್ ವಿಷಯ ಹೇಳಬೇಕು.

ಗೌಹರ್ ನಮ್ಮ ಶಾಲೆಯ ಕಾಯಂ ಟೀಚರಲ್ಲ. ಒಂದು ಸಂಸ್ಥೆಯವರು ಅವಳನ್ನ ಸುತ್ತಮುತ್ತಲ ನಾಲ್ಕು ಸರ್ಕಾರಿ ಶಾಲೆಗಳಿಗೆ ಕಳಿಸ್ತಿದ್ದರು. ನಮ್ಮಲ್ಲಿಗೆ ಮಂಗಳವಾರ, ಶುಕ್ರವಾರ ಬರ್ತಿದ್ದಳು. ಫೋನು, ಟೀವಿ, ಪೇಪರು, ವಾಟ್ಸಾಪು, ಇದರಲ್ಲೆಲ್ಲ ಬರೋದನ್ನ ಹೇಗೆ ನೋಡಬೇಕು, ಯಾವುದನ್ನ ನಂಬಬೇಕು, ಯಾವುದನ್ನ ನಂಬಬಾರದು ಅಂತ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡೋದು ಅವಳ ಕೆಲಸ. ಕಾಗದದಲ್ಲಿ ಅದಕ್ಕೆ "ಮಾಧ್ಯಮ ಸಾಕ್ಷರತೆ" ಅಂತ ಹೆಸರಿತ್ತು. ನಮ್ಮ ಹೆಡ್‌ಮಾಸ್ಟರ್ ಸುಬ್ರಮಣಿ ಸರ್ ಸ್ಟಾಫ್ ರೂಮಲ್ಲಿ ಅದನ್ನ ಓದಿದಾಗ ನಾನು ಸುಮ್ಮನಿರಲಿಲ್ಲ. ಮಕ್ಕಳಿಗೆ ಒತ್ತಕ್ಷರ ಬರೆಯೋಕೆ ಬರಲ್ಲ, ಇವರಿಗೆ ಮಾಧ್ಯಮ ಸಾಕ್ಷರತೆ ಬೇಕಂತೆ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದೆ. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಳು. ಮೂವತ್ತೈದು ಮೂವತ್ತಾರು ವರ್ಷ ಇರಬೇಕು, ಸಣ್ಣಗೆ ಕಡ್ಡಿ ಹಾಗಿದ್ದಳು. ಹೆಗಲಲ್ಲಿ ಹಳೇ ಪೇಪರ್ ತುಂಬಿದ ಚೀಲ.

ಅವಳು ಹುಟ್ಟಿ ಬೆಳೆದಿದ್ದು ಗಂಗಾನಗರದಲ್ಲಿ. ಅವಳಪ್ಪ ದಸ್ತಗೀರ್ ಸಾಹೇಬರು ಆರ್.ಟಿ. ನಗರದಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದರು. ಬಿಚ್ಚಿಟ್ಟ ಟೀವಿಗಳ ಮಧ್ಯೆ ಕೂತು ಹೋಮ್‌ವರ್ಕ್ ಮಾಡಿದವಳು ಇವಳು. ಟೀವಿ ಒಳಗೆ ಜನ ಇರಲ್ಲ, ಧೂಳು ಇರುತ್ತೆ ಅಂತ ನಂಗೆ ನಾಲ್ಕನೇ ವಯಸ್ಸಿಗೇ ಗೊತ್ತಿತ್ತು ಮೇಡಂ ಅಂತ ನಗ್ತಿದ್ದಳು. ಓದಿದ್ದು ಕನ್ನಡ ಮೀಡಿಯಂ. ಟೀಚರ್ ಟ್ರೈನಿಂಗ್ ಮುಗಿಸಿ ಸಂಜಯನಗರದ ಒಂದು ಪ್ರೈವೇಟ್ ಶಾಲೆಯಲ್ಲಿ ಒಂಬತ್ತು ವರ್ಷ ಕಂಪ್ಯೂಟರ್ ಮಿಸ್ ಆಗಿದ್ದಳು. ಮಕ್ಕಳಿಗೆ ಮೌಸ್ ಹಿಡಿಯೋದು, ಮನೆ, ಮರ, ಸೂರ್ಯನ ಚಿತ್ರ ಬಿಡಿಸೋದು ಕಲಿಸ್ತಾ ಆರಾಮಾಗಿದ್ದಳು.

ಕೊರೋನಾ ಮುಗಿದು ಶಾಲೆ ತೆರೆದ ವರ್ಷ, ಜಂತುಹುಳುವಿನ ಮಾತ್ರೆ ಕೊಡೋ ದಿನ, ಒಂದನೇ ಕ್ಲಾಸಿನ ಅಷ್ಟೂ ಮಕ್ಕಳು ಬಾಯಿ ಬಿಗಿದು ಕೂತುಬಿಟ್ಟವಂತೆ. ಯಾಕೆ ಅಂತ ಕೇಳಿದರೆ ಒಂದು ಹುಡುಗಿ, "ಮಾತ್ರೆ ನುಂಗಿದ್ರೆ ಸತ್ತೋಗ್ತಾರಂತೆ ಮಿಸ್" ಅಂತು. ಯಾರು ಹೇಳಿದ್ದು ಅಂದ್ರೆ ಅಜ್ಜಿ. ಅಜ್ಜಿಗೆ ಯಾರು ಹೇಳಿದ್ದು ಅಂದ್ರೆ ಫೋನು. ಆ ದಿನ ಯಾರೂ ಮಾತ್ರೆ ನುಂಗಲಿಲ್ಲ. ಸಂಜೆ ಮನೆಗೆ ಹೋಗ್ತಾ ಬಸ್ಸಲ್ಲಿ ಗೌಹರ್‌ಗೆ ಒಂದು ವಿಷಯ ಹೊಳೆಯಿತು. ಆ ಮಗು ಸತ್ತೋಗ್ತಾರೆ ಅನ್ನಲಿಲ್ಲ. ಸತ್ತೋಗ್ತಾರಂತೆ ಅಂದಿತು. ತಾನು ನೋಡಿಲ್ಲ, ಯಾರೋ ಹೇಳಿದ್ದು ಅಂತ ಮಗು ಪ್ರಾಮಾಣಿಕವಾಗಿ ಹೇಳಿದೆ. ಕೇಳಿಸಿಕೊಂಡವರು ಆ "ಅಂತೆ"ಯನ್ನ ಬಿಟ್ಟು ಉಳಿದದ್ದನ್ನ ಮಾತ್ರ ಹಿಡ್ಕೊಂಡ್ರು.

ನಾವು ಹುಟ್ಟಾ ಕನ್ನಡದವರು. ನಮಗೆ ಅಂತೆ ಬಾಯಿಗೆ ಬರುತ್ತೆ, ಹೋಗುತ್ತೆ, ಗಮನವೇ ಇರಲ್ಲ. ಅಂತೆ ಕಂತೆಗಳ ಸಂತೆ ಅಂತ ಬೈಯ್ಕೊಂಡು ಅದೇ ಸಂತೆಯಲ್ಲಿ ನಿಂತಿರ್ತೀವಿ. ಗೌಹರ್ ಮನೆಮಾತು ದಖನಿ. ಅವರಲ್ಲೂ ಇಂಥದ್ದೇ ಒಂದು ಪದ ಇದೆ. ಬಂದನಂತೆ ಅನ್ನೋಕೆ ಅವರು "ಆಯಾ ಕತೆ" ಅಂತಾರೆ. ನಮ್ಮನೇಲಿ ಮಾತಿನ ಕೊನೆಗೆ ಕತೆ ಅಂದ್ರೆ ಯಾರೋ ಹೇಳಿದ್ದು ಅಂತ, ನಿಮ್ಮಲ್ಲಿ ಕತೆ ಅಂದ್ರೆ ಕತೇನೇ, ಎರಡೂ ಒಂದೇ ಅಲ್ವಾ ಮೇಡಂ ಅಂತ ಒಂದಿನ ನನ್ನ ಕೇಳಿದಳು. ನನ್ನ ಭಾಷೆಯಲ್ಲಿ ನನಗೇ ಪಾಠ ಹೇಳ್ತಾಳಲ್ಲ ಇವಳು ಅಂತ ಸಿಟ್ಟೂ ಬಂತು, ಅವಳ ಮೇಲೆ ಪ್ರೀತಿಯೂ ಹುಟ್ಟಿತು.

ಹೀಗೆ ಇದ್ದ ಕೆಲಸ ಬಿಟ್ಟು ಈ ಸಂಸ್ಥೆ ಸೇರಿದಳು. ಅವಳ ಪಾಠ ಪುಸ್ತಕದಲ್ಲಿ ಇರಲಿಲ್ಲ, ಚೀಲದಲ್ಲಿತ್ತು. ಹಳೇ ಪೇಪರನ್ನ ಉದ್ದುದ್ದ ಸೀಳಿ ಬಾಲ ಮಾಡೋಳು. ಒಂದೊಂದು ಮಗುವೂ ಎದ್ದು ನಿಂತು ಒಂದು ಸುದ್ದಿ ಹೇಳಬೇಕು. ಕಣ್ಣಾರೆ ಕಂಡಿದ್ದಾದರೆ ಹಾಗೇ ಕೂರಬಹುದು. ಕೇಳಿದ್ದಾದರೆ ಕೊನೆಗೆ ಅಂತೆ ಸೇರಿಸಬೇಕು, ಬೆನ್ನಿಗೆ ಪೇಪರ್ ಬಾಲ ಸಿಕ್ಕಿಸಿಕೊಳ್ಳಬೇಕು. ಆಮೇಲೆ ಎಲ್ಲರೂ ಸೇರಿ ಬಾಲ ಎಳೆಯೋದು. ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು? ಎಳೆದು ಎಳೆದು ಕೊನೆಗೆ ಒಬ್ಬರೂ ಸಿಗದಿದ್ದರೆ ಆ ಸುದ್ದಿ ಬುಟ್ಟಿಗೆ. ಮಕ್ಕಳು ಅದಕ್ಕೆ ಬಾಲದ ಕ್ಲಾಸು ಅಂತಲೇ ಹೆಸರಿಟ್ಟಿದ್ದವು. ಒಂದಿನ ಪ್ರಾರ್ಥನೆ ಹೊತ್ತಲ್ಲಿ ಸುಬ್ರಮಣಿ ಸರ್, ನಾಳೆ ರಜೆ ಕೊಡಬಹುದಂತೆ ಅಂದಿದ್ದೇ ತಡ, ಸಾಲಿನಿಂದ ಒಂದು ಚೋಟುದ್ದದ ಹುಡುಗಿ "ಸರ್, ಬಾಲ" ಅಂದುಬಿಟ್ಟಿತು. ಸರ್ ಮುಖ ಕೆಂಪಾಯಿತು, ನಾವೆಲ್ಲ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡ್ವಿ. ಆ ಹುಡುಗಿ ಎರಡನೇ ಕ್ಲಾಸಿನ ಮೋನಿಕಾ. ಗೌಹರ್‌ಗೆ ಅವಳ ಮೇಲೆ ಸ್ವಲ್ಪ ಜಾಸ್ತಿ ಅಕ್ಕರೆ.

ಇನ್ನೊಬ್ಬರನ್ನ ಹೇಳಬೇಕು. ಮುನಿಕೃಷ್ಣಮ್ಮ, ನಮ್ಮ ಬಿಸಿಯೂಟದ ಅಡುಗೆಯವರು. ಅಕ್ಕಪಕ್ಕದ ಎಷ್ಟೋ ಶಾಲೆಗಳಿಗೆ ವ್ಯಾನಲ್ಲಿ ಊಟ ಬರ್ತಿತ್ತು. ನಮ್ಮ ಶಾಲೆಯಲ್ಲಿ ಮಾತ್ರ ಹತ್ತೊಂಬತ್ತು ವರ್ಷದಿಂದ ಮುನಿಕೃಷ್ಣಮ್ಮನದೇ ಒಲೆ, ಮುನಿಕೃಷ್ಣಮ್ಮನದೇ ಸೌಟು. ಅಟ್ಟೂರಿನ ಹಳೇ ಊರಿನ ಹೆಂಗಸು. ಹಕಾರ ನಾಲಿಗೆಗೆ ಹೊರಳಲ್ಲ. ಹಾಲು ಅವರ ಬಾಯಲ್ಲಿ ಆಲು, ಹೀಗೆ ಅನ್ನೋದು ಇಂಗೆ. ಗೌಹರ್ ಅನ್ನೋ ಹೆಸರು ಎರಡು ದಿನ ಗೌಅರು, ಗೌಅರು ಅಂತ ತಡವರಿಸಿ, ಮೂರನೇ ದಿನಕ್ಕೆ ಗೌರಮ್ಮ ಆಗಿಹೋಯ್ತು. ಬಂದವಳು ಉಪವಾಸ ಹೋಗಬಾರದು ಅಂತ ಗೌರಮ್ಮನಿಗೆ ಒಂದು ತಟ್ಟೆ ಎತ್ತಿಡೋರು. ಆ ಕೈಯಲ್ಲಿ ಸೊಪ್ಪಿನ ಸಾರು ಹೇಗಿರ್ತಿತ್ತು ಅಂದ್ರೆ, ಮನೇಲಿ ತರಕಾರಿ ಮುಟ್ಟದ ಮಕ್ಕಳು ತಟ್ಟೆ ನೆಕ್ಕೋವು.

ಹೋದ ವರ್ಷ ಜನವರಿ. ಶುಕ್ರವಾರ, ಊಟದ ಬೆಲ್ಲಿಗೆ ಹತ್ತು ನಿಮಿಷ ಇತ್ತು. ನಾನು ಪಕ್ಕದ ಕ್ಲಾಸಲ್ಲಿದ್ದೆ, ನಡುವೆ ಇರೋದು ಬರೀ ಮರದ ಪರದೆ, ಎಲ್ಲ ಕೇಳಿಸ್ತಿತ್ತು. ನಿಜ ಯಾವುದು, ಬರೀ ಕೇಳಿದ್ದು ಯಾವುದು ಅಂತ ಗೌಹರ್ ಎರಡನೇ ಕ್ಲಾಸಿಗೆ ಹೇಳ್ತಿದ್ದಾಗ ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿತು. ಅಷ್ಟೂ ಮಕ್ಕಳು ಬೆರಳಲ್ಲಿ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅಂದವು. ಹಲ್ಲಿ ಲೊಚಗುಟ್ಟಿದರೆ ಆಡ್ತಿದ್ದ ಮಾತು ನಿಜ ಅಂತ ನಮ್ಮ ಕಡೆ ನಂಬಿಕೆ. ಗೌಹರ್‌ಗೆ ಗೊತ್ತಿರಲಿಲ್ಲ, ಮಕ್ಕಳೇ ಹೇಳಿಕೊಟ್ಟವು. ಅವಳಿಗೆ ಖುಷಿಯೋ ಖುಷಿ. ಹಾಗಾದ್ರೆ ಹಲ್ಲಿಗೆ ಯಾರು ಹೇಳಿದ್ರು ಅಂತ ಕೇಳಿ ಮಕ್ಕಳನ್ನ ನಗಿಸಿದಳು. ಆ ಹುಮ್ಮಸ್ಸಲ್ಲೇ ಬೋರ್ಡ್ ಮೇಲೆ ಎರಡು ಸಾಲು ಬರೆದಳು.

ಸಾರಿನಲ್ಲಿ ಹಲ್ಲಿ ಬಿದ್ದಿತ್ತು.

ಸಾರಿನಲ್ಲಿ ಹಲ್ಲಿ ಬಿದ್ದಿತ್ತಂತೆ.

ಇದನ್ನ ಬರ್ಕೊಂಡು ಹೋಗಿ, ಎರಡಕ್ಕೂ ಏನು ವ್ಯತ್ಯಾಸ ಅಂತ ಅಪ್ಪ ಅಮ್ಮನ್ನ ಕೇಳ್ಕೊಂಡು ಬನ್ನಿ ಅಂದಳು. ಸಾರೇ ಯಾಕೆ ಬೇಕಿತ್ತು ಅಂತ ಆಮೇಲೆ ನೂರು ಜನ ಕೇಳಿದರು. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬರ್ತಿತ್ತು ಕಣ್ರೀ, ಮಕ್ಕಳಿಗೂ ಹಸಿವು, ಅವಳಿಗೂ ಹಸಿವು. ಬೇರೆ ಏನೂ ಕಾರಣ ಇಲ್ಲ.

ಮೋನಿಕಾ ಅಕ್ಷರ ದಪ್ಪ ದಪ್ಪ. ಮೊದಲನೇ ಸಾಲಿಗೇ ಪುಟ ತುಂಬಿಹೋಯ್ತು, ಎರಡನೇ ಸಾಲು ಹಾಳೆಯ ಹಿಂಬದಿಗೆ ಹೋಯ್ತು. ಸಂಜೆ ಅವರಮ್ಮ ಭಾಗ್ಯಶ್ರೀ ನೋಟ್‌ಬುಕ್ ತೆಗೆದು ನೋಡಿದ್ದು ಮೊದಲನೇ ಪುಟ ಮಾತ್ರ. ಭಾಗ್ಯಶ್ರೀ ಕೆಟ್ಟ ಹೆಂಗಸಲ್ಲ, ಪಕ್ಕದ ನ್ಯೂಟೌನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಮಗಳನ್ನ ಒಬ್ಬಳೇ ಸಾಕ್ತಿದ್ದಾಳೆ. ಗಾಬರಿ ಆಯ್ತು. ಹಾಳೆ ತಿರುಗಿಸೋಕೂ ಪುರುಸೊತ್ತಿಲ್ಲದೆ ಆ ಪುಟದ ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕೆಳಗೆ, ನನ್ನ ಮಗಳೇ ಬರೆದಿದ್ದಾಳೆ, ಮಕ್ಕಳು ಸುಳ್ಳು ಹೇಳಲ್ಲ ಅಂತ ಸೇರಿಸಿದಳು.

ಹಲ್ಲಿ ಬಾಲ ಉದುರಿಸಿ ಓಡಿಹೋಗೋದನ್ನ ನೋಡಿದ್ದೀರಲ್ಲ, ಹಾಗೇ ಆಯ್ತು. ಅಂತೆ ಅನ್ನೋದು ನೋಟ್‌ಬುಕ್ಕಿನ ಹಾಳೆಯ ಹಿಂಬದಿಯಲ್ಲಿ ಬಿದ್ದುಕೊಂಡಿತ್ತು, ಹಲ್ಲಿ ಊರು ಸುತ್ತೋಕೆ ಹೊರಟಿತ್ತು. ಶನಿವಾರ ಬೆಳಿಗ್ಗೆ ಅದಕ್ಕೊಂದು ಫೋಟೋ ಅಂಟಿಕೊಂಡಿತು, ಸಾಂಬಾರಲ್ಲಿ ಸತ್ತ ಹಲ್ಲಿ. ಬಡಿಸಿದ್ದು ಬಾಳೆಲೆ ಮೇಲೆ. ನಮ್ಮ ಮಕ್ಕಳು ಹತ್ತೊಂಬತ್ತು ವರ್ಷದಿಂದ ಸ್ಟೀಲ್ ತಟ್ಟೆಯಲ್ಲಿ ಉಣ್ತಿದ್ದಾರೆ, ಅದು ಯಾವ ಊರಿನ ಯಾವ ಮದುವೆಯ ಹಲ್ಲಿಯೋ. ಹತ್ತು ಗಂಟೆಗೆ ಹನ್ನೆರಡು ಮಕ್ಕಳು ಆಸ್ಪತ್ರೆ ಸೇರಿದ್ದಾರೆ ಅಂತ ಇನ್ನೊಂದು ಬಂತು. ಆ ಹನ್ನೆರಡೂ ಸೇರಿ ಎಲ್ಲಾ ಮಕ್ಕಳು ನನ್ನ ಕಣ್ಣೆದುರೇ ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಿದ್ದವು. ಗೇಟಿನ ಹೊರಗೆ ಮಾತ್ರ ಜನ ಸೇರಿದ್ದರು, ಮುನಿಕೃಷ್ಣಮ್ಮನ್ನ ಹೊರಗೆ ಕಳಿಸಿ ಅಂತ.

ಗೌಹರ್ ಶನಿವಾರ ನಮ್ಮಲ್ಲಿಗೆ ಬರೋಳಲ್ಲ. ನಾನೇ ಫೋನ್ ಮಾಡಿದೆ. ಹೆಬ್ಬಾಳದಿಂದ ಆಟೋ ಹಿಡಿದು ಓಡಿ ಬಂದಳು. ಮೋನಿಕಾ ನೋಟ್‌ಬುಕ್ ತೆಗೆದು ಎರಡೂ ಪುಟ ತಿರುಗಿಸಿ ನೋಡಿದಳು. ಇದು ನನ್ನ ವಾಕ್ಯ ಮೇಡಂ, ನಾನೇ ಬರೆದಿದ್ದು ಅಂತ ಹೇಳಿದ್ದನ್ನೇ ಹೇಳಿದಳು. ಆಮೇಲೆ ಸುಧಾರಿಸಿಕೊಂಡು ಗೇಟಿಗೆ ಹೋಗಿ ಜನರಿಗೆ ಎರಡೂ ಪುಟ ತೋರಿಸಿದಳು. ಗ್ರೂಪಿನಲ್ಲಿ ನನ್ನ ಫೋನಿಂದಲೇ ಬರೆದಳು. ಇದು ಬೋರ್ಡ್ ಮೇಲೆ ನಾನು ಬರೆದ ಉದಾಹರಣೆ, ಹಲ್ಲಿ ಯಾವ ಸಾರಿಗೂ ಬಿದ್ದಿಲ್ಲ, ಫೋಟೋ ನಾಲ್ಕು ವರ್ಷ ಹಳೇದು, ಬೇರೆ ರಾಜ್ಯದ್ದು. ಸತ್ಯ ಹೇಳಿದರೆ ಸಾಕು, ಮುಗೀತು ಅಂತ ಅವಳು ನಂಬಿದ್ದಳು. ಎಷ್ಟು ವರ್ಷದಿಂದ ಮಕ್ಕಳಿಗೆ ಅದನ್ನೇ ಹೇಳಿಕೊಂಡು ಬಂದವಳಲ್ಲವಾ.

ಗ್ರೂಪಿನಲ್ಲಿ ನಾಲ್ಕು ಜನ ಕೈ ಮುಗಿಯೋ ಗೊಂಬೆ ಹಾಕಿದರು. ಐದನೆಯವರು, ಟೀಚರ್‌ಗಳೆಲ್ಲ ಒಂದಾಗಿ ಮುಚ್ಚಿ ಹಾಕ್ತಿದ್ದಾರೆ ಅಂದರು. ಇನ್ನೊಬ್ಬ ಮಹಾನುಭಾವ, ಆ ಮಿಸ್ ಹೆಸರು ನೋಡಿದ್ರೆ ಗೊತ್ತಾಗಲ್ವಾ ಅಂತ ಬರೆದ. ಏನು ಗೊತ್ತಾಗಬೇಕಿತ್ತೋ ಅವನಿಗೆ, ಅವನ ಮುಖಕ್ಕಿಷ್ಟು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಅಂತ ನಾನು ಸಮಾಧಾನ ಹೇಳೋಕೆ ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮುನಿಕೃಷ್ಣಮ್ಮನ ಕೆಲಸ ಹೋಗಬಾರದು, ಅದೊಂದು ಆಗಬಾರದು ಮೇಡಂ, ಮಿಕ್ಕಿದ್ದು ಏನಾದ್ರೂ ಆಗಲಿ ಅಂದಳು.

ಸೋಮವಾರ ಶಿಕ್ಷಣ ಇಲಾಖೆ ಆಫೀಸಿಂದ ಒಬ್ಬ ಸಾಹೇಬರು, ಜೊತೆಗೆ ಬರ್ಕೊಳ್ಳೋಕೆ ಒಬ್ಬ ಗುಮಾಸ್ತ, ವಿಚಾರಣೆಗೆ ಬಂದರು. ಯಾವ ದಿನದ ಸಾರು ಅಂತ ಅವರು ಯಾರನ್ನೂ ಕೇಳಲಿಲ್ಲ. ಯಾವ ಮೆಸೇಜಿನಲ್ಲೂ ದಿನವೇ ಇರಲಿಲ್ಲ. ಬಡಿಸೋಕೆ ಮುಂಚೆ ಒಬ್ಬ ಟೀಚರ್ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು ಅಂತ ನಿಯಮ. ಆ ವಾರವೆಲ್ಲ ರುಚಿ ನೋಡಿದವಳು ನಾನೇ, ನಾನಿನ್ನೂ ಬದುಕಿದ್ದೀನಲ್ಲ ಸಾರ್ ಅಂದೆ. ನಕ್ಕರು. ನೀವು ತಿಂದಾದ ಮೇಲೆ ಬಿದ್ದಿರಬಹುದಲ್ಲ ಅಂದರು. ಅದಕ್ಕೆ ಏನು ಹೇಳ್ತೀರಿ.

ಆಮೇಲೆ ಮೋನಿಕಾಳನ್ನ ಕರೆದರು. ಅಮ್ಮನ ಸೆರಗು ಹಿಡಿದು ನಿಂತಿತ್ತು ಮಗು. ಹಲ್ಲಿ ನೋಡಿದ್ಯಾ ಪುಟ್ಟಾ ಅಂತ ಸಾಹೇಬರು ಕೇಳಿದರು. ಮಗು ಸೆರಗು ಬಿಟ್ಟು, ಕ್ಲಾಸಲ್ಲಿ ನಿಲ್ಲೋ ಹಾಗೆ ಕೈ ಕಟ್ಟಿ ನಿಂತುಕೊಂಡಿತು.

"ಗೋಡೆ ಮೇಲೆ ನೋಡ್ದೆ ಸರ್. ಸಾರಲ್ಲಿ ನೋಡಿಲ್ಲ. ಅದು ಬರೀ ಅಂತೆ ಸರ್, ಬಾಲ ಇರೋದು."

ಏಳು ವರ್ಷದ ಮಗು. ದೊಡ್ಡವರು ಯಾರೂ ಹೇಳದ ಹಾಗೆ ಹೇಳಿತು. ಗೌಹರ್ ಕಣ್ಣಲ್ಲಿ ನೀರು ತುಂಬಿಕೊಂಡಿತು, ಇಷ್ಟು ವರ್ಷದ ಪಾಠ ಅವತ್ತಿಗೇ ಕಾದಿತ್ತೇನೋ ಅನ್ನೋ ಹಾಗೆ. ಸಾಹೇಬರು ಅವಳ ಕಡೆ ತಿರುಗಿ ಬಹಳ ಮರ್ಯಾದೆಯಿಂದಲೇ ಅಂದರು.

"ಮಗೂಗೆ ಚೆನ್ನಾಗಿ ಹೇಳಿಕೊಟ್ಟಿದ್ದೀರ ಮೇಡಂ."

ಹೇಳಿಕೊಡೋದೇ ಅವಳ ಕೆಲಸ. ಆ ಮಾತನ್ನೇ ಅವರು ಹಾಗೆ ತಿರುಗಿಸಿಬಿಟ್ಟರು. ಗುಮಾಸ್ತ ಮಗುವಿನ ಹೇಳಿಕೆ ಬರೆದುಕೊಳ್ಳಲೇ ಇಲ್ಲ. ಇನ್ನು ಗೌಹರ್ ಏನು ಹೇಳಿದರೂ ಅದು ಹೇಳಿಕೊಟ್ಟಿದ್ದೇ ಆಗ್ತಿತ್ತು.

ಕೊನೆಗೆ ಮುನಿಕೃಷ್ಣಮ್ಮ. ಪಾಪ, ತೊಳೆದ ಸೀರೆ ಉಟ್ಟು, ಹೂವು ಮುಡಿದುಕೊಂಡು ಬಂದಿದ್ದರು. ಸಾಂಬಾರ್ ಪಾತ್ರೆಯ ಮುಚ್ಚಳ ಎಲ್ಲಿತ್ತು ಅಂತ ಸಾಹೇಬರು ಕೇಳಿದರು. ಅವರು ಕೈ ಮುಗಿದುಕೊಂಡೇ, "ಅಲ್ಲಿತ್ತು ಸ್ವಾಮಿ, ಪಾತ್ರೆ ಮ್ಯಾಲೆ" ಅಂದರು. ಗುಮಾಸ್ತ ಈ ಕಡೆಯವನೇ, ಈ ಊರಿನವರು ಹಕಾರ ನುಂಗ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ನುಂಗಿದ್ದನ್ನ ತಾನೇ ಸೇರಿಸಿ ಬರೆದುಕೊಂಡ. ಹಲ್ಲಿ ಇತ್ತು, ಪಾತ್ರೆ ಮೇಲೆ. ಬರೆದಿದ್ದನ್ನ ಗಡಗಡ ಓದಿ, ಸರೀನಾ ಅಂದ. ಮುನಿಕೃಷ್ಣಮ್ಮ, ಊಂ ಸ್ವಾಮಿ, ಅಲ್ಲೇ ಇತ್ತು ಅಂತ ತಲೆ ಆಡಿಸಿ, ಕಷ್ಟಪಟ್ಟು ತಮ್ಮ ಹೆಸರಿನ ಐದು ಅಕ್ಷರ ಬರೆದುಕೊಟ್ಟರು.

ಸಾಕ್ಷಿ ಸಹಿಗೆ ಕಾಗದ ನನ್ನ ಮುಂದೆ ಬಂತು. ಅದು ಬೇರೆಯೇ ಕನ್ನಡ, ಆಫೀಸಿನ ಕನ್ನಡ. ಅದರಲ್ಲಿ ಅಂತೆ ಇರಲ್ಲ. "ಸಾಂಬಾರಿನ ಪಾತ್ರೆಯಲ್ಲಿ ಹಲ್ಲಿ ಇದ್ದುದಾಗಿ ಅಡುಗೆಯವರು ಸ್ವತಃ ಒಪ್ಪಿಕೊಂಡಿರುತ್ತಾರೆ." ಓದಿದೆ. ಒಂದು ಅಕ್ಷರ ಬದಲಾಗಿ, ಮುಚ್ಚಳ ಹೋಗಿ ಹಲ್ಲಿ ಬಂದು, ಪಾತ್ರೆಯೊಳಕ್ಕೂ ಇಳಿದಿತ್ತು. ಸಾರ್, ಆಕೆ ಅಂದಿದ್ದು ಅಲ್ಲಿ ಅಂತ, ಮುಚ್ಚಳದ ವಿಷಯ ಅಂದೆ. ಗೌಹರ್ ಕೂಡ ಎದ್ದು ಅದನ್ನೇ ಹೇಳಿದಳು. ಸಾಹೇಬರು ವಾಚ್ ನೋಡಿಕೊಂಡು, ನಿಮಗೆ ಇನ್ನೆಷ್ಟು ಸರ್ವಿಸ್ ಇದೆ ಮೇಡಂ ಅಂದರು. ಎರಡು ವರ್ಷ ಅಂದೆ. ಅವರು ಪೆನ್ನು ನನ್ನ ಕಡೆ ನೂಕಿದರು. ನಾನು ಸಹಿ ಹಾಕಿದೆ. ಗುಂಟೂರು ಮೆಣಸಿನಕಾಯಿ ಸಹಿ ಹಾಕಿತು. ಗೌಹರ್ ಆಗಲೂ ನನ್ನನ್ನ ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಮಾರನೇ ದಿನದಿಂದ ವ್ಯಾನಲ್ಲಿ ಊಟ ಬಂತು. ಮುನಿಕೃಷ್ಣಮ್ಮನಿಗೆ ಮುಂದಿನ ಆದೇಶದವರೆಗೆ ಬರಬೇಡಿ ಅಂದರು. ಬಾಲದ ಕ್ಲಾಸೂ ಸದ್ಯಕ್ಕೆ ಬೇಡ ಅಂತ ಸುಬ್ರಮಣಿ ಸರ್ ಸಂಸ್ಥೆಗೆ ಹೇಳಿದರು. ಮೇಲಿನಿಂದ ಮಾತು ಬಂದಿದೆಯಂತೆ. ಯಾರು ಹೇಳಿದ್ದು ಅಂತ ಕೇಳೋಕೆ ಅವತ್ತು ಯಾವ ಮಗುವೂ ಅಲ್ಲಿರಲಿಲ್ಲ.

ಗೌಹರ್ ಬಿಡಲಿಲ್ಲ. ಮೂರು ವಾರ ಬೇರೆ ಶಾಲೆ ಮುಗಿಸಿ ಸಂಜೆ ಸಂಜೆ ಅಟ್ಟೂರಿಗೆ ಬಂದು ಪೋಷಕರ ಮನೆ ಮನೆ ಹತ್ತಿದಳು, ನೋಟ್‌ಬುಕ್ಕಿನ ಎರಡೂ ಪುಟ ಹಿಡಿದುಕೊಂಡು. ಯಾರೂ ಬೈಯಲಿಲ್ಲ. ಕೂರಿಸಿ ಕಾಫಿ ಕೊಟ್ಟರು. ನೀವು ಹೇಳೋದು ಸರಿ ಇರಬಹುದು ಮೇಡಂ, ಆದ್ರೂ ಮಕ್ಕಳ ವಿಷಯ ಅಲ್ವಾ ಅಂದರು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಅಂದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು ಅಂತ ಅವಳು ನನ್ನ ಹತ್ತಿರ ಹೇಳ್ತಿದ್ದಳು. ಭಾಗ್ಯಶ್ರೀಯಂತೂ ಎರಡನೇ ಪುಟ ನೋಡಿ ಅತ್ತುಬಿಟ್ಟಳು. ತಪ್ಪಾಯ್ತು, ನಾನು ಪೂರ್ತಿ ನೋಡಲಿಲ್ಲ ಅಂತ ಗ್ರೂಪಿನಲ್ಲಿ ಬರೆದಳು. ಪಾಪ ಟೀಚರ್‌ಗಳು ಹೆದರಿಸಿ ಬರೆಸಿದ್ದಾರೆ ಅಂತ ಹತ್ತು ಜನ ಅವಳನ್ನೇ ಸಮಾಧಾನ ಮಾಡಿದರು.

ಒಂದೊಂದು ದಿನ ಕ್ಲಾಸು ಮುಗಿದ ಮೇಲೆ ನಮ್ಮ ಗೇಟಿನ ಹತ್ತಿರ ಬಂದು ನಿಂತಿರೋಳು, ಒಳಗೆ ಬರ್ತಿರಲಿಲ್ಲ. ಒಂದು ಸಲ ಕೇಳಿದಳು, ಸುಳ್ಳು ಹೇಗೆ ಹುಟ್ಟುತ್ತೆ ಅಂತ ನಂಗೆ ಪೂರ್ತಿ ಗೊತ್ತು ಮೇಡಂ, ಯಾರು, ಯಾವಾಗ, ಎಲ್ಲಿ, ಎಲ್ಲಾ ಗೊತ್ತು, ಅದನ್ನ ಹುಟ್ಟಿಸಿದವಳೇ ನಾನು, ಆದ್ರೂ ನನ್ನ ಕೈಯಲ್ಲಿ ಯಾಕೆ ನಿಲ್ಲಿಸೋಕೆ ಆಗ್ತಿಲ್ಲ ಅಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಾನೇ ಮಕ್ಕಳಿಗೆ ಬೋರ್ಡ್ ಮೇಲೆ ಬರೆಸ್ತೀನಿ. ಅದನ್ನ ಅವಳ ಮುಖ ನೋಡಿಕೊಂಡು ಹೇಳೋಕೆ ನಂಗೆ ಧೈರ್ಯ ಬರಲಿಲ್ಲ.

ಕಡೆಗೆ ಒಂದು ದಾರಿ ಉಳಿದಿತ್ತು. ವಿಚಾರಣೆ ವರದಿ ಮೇಲೆ ತಕರಾರು ಇದ್ದರೆ ಅಡುಗೆಯವರೇ ಮೇಲಿನ ಅಧಿಕಾರಿಗೆ ಮನವಿ ಕೊಡಬಹುದಿತ್ತು. ಗೌಹರ್ ಕೂತು ಬರೆದಳು. ನಾಲ್ಕು ಪುಟ, ಒಂದು ತಪ್ಪಿಲ್ಲ. ನೋಟ್‌ಬುಕ್ಕಿನ ಪುಟಗಳು, ರುಚಿ ನೋಡಿದ ಪುಸ್ತಕದ ಪ್ರತಿ, ಬಾಳೆಲೆ ಫೋಟೋ ಎಲ್ಲಿಂದ ಬಂತು ಅನ್ನೋದು, ಭಾಗ್ಯಶ್ರೀ ಕೈಬರಹದ ಕಾಗದ, ಎಲ್ಲ ಸೇರಿಸಿದಳು. ನಾನೂ ಒಂದು ಕಾಗದ ಬರೆದುಕೊಟ್ಟೆ, ಹಾಕಿದ ಸಹಿ ತಪ್ಪು ಅಂತ. ಆಗಲಿ, ಎರಡು ವರ್ಷ ಏನಾಗುತ್ತೋ ಆಗಲಿ ಅಂತ ಬರೆದುಕೊಟ್ಟೆ. ಇನ್ನು ಬೇಕಾಗಿದ್ದು ಮುನಿಕೃಷ್ಣಮ್ಮನ ಸಹಿ ಒಂದೇ. ಸೋಮವಾರ ಕಡೇ ದಿನ. ಭಾನುವಾರ ಮಧ್ಯಾಹ್ನ ಇಬ್ಬರೂ ಅವರ ಮನೆಗೆ ಹೋದ್ವಿ.

ಹಳೇ ಊರಲ್ಲಿ, ನಾಲ್ಕಂತಸ್ತಿನ ಬಿಲ್ಡಿಂಗಿನ ಹಿಂದೆ, ಎರಡು ಕೋಣೆಯ ಶೀಟಿನ ಮನೆ. ಮುನಿಕೃಷ್ಣಮ್ಮ ತಿಂಗಳಲ್ಲೇ ಸೊರಗಿಹೋಗಿದ್ದರು. ಚಾಪೆ ಹಾಸಿ ಕೂರಿಸಿದರು. ಗೌಹರ್ ನಾಲ್ಕೂ ಪುಟವನ್ನ ನಿಧಾನಕ್ಕೆ ಓದಿ ಹೇಳಿದಳು. ಅವರು ಮಂಡಿ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದರು. ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ಅಷ್ಟ್ ಜನ ಯೋಳ್ತಾವ್ರೆ ಗೌರಮ್ಮ. ಓದ್ದೋರು. ನಂಗೂ ಕಣ್ಣು ಮಂಜು. ಬಿದ್ದಿದ್ರೂ ಬಿದ್ದಿರಬೋದು, ನಾನೇ ನೋಡಿಲ್ವೇನೋ."

ಗೌಹರ್ ಅವರ ಎರಡೂ ಕೈ ಹಿಡಿದುಕೊಂಡಳು. ಬೋರ್ಡ್ ಮೇಲೆ ಬರೆದವಳು ನಾನು, ಅದು ನನ್ನ ತಲೆಯಿಂದ ಬಂದ ಮಾತು, ಅಂಥ ಹಲ್ಲಿ ಇರಲೇ ಇಲ್ಲ ಮುನಿಕೃಷ್ಣಮ್ಮ ಅಂತ ಬಿಡಿಸಿ ಬಿಡಿಸಿ ಹೇಳಿದಳು. ಮುನಿಕೃಷ್ಣಮ್ಮ ಅವಳ ಕೆನ್ನೆ ಸವರಿದರು.

"ನೀನು ಒಳ್ಳೇಳು ಕಣವ್ವ. ನನ್ನ ಉಳಿಸಾಕೆ ಇಂಗಂತೀಯ."

ಗೌಹರ್ ಕಾಗದಗಳನ್ನ ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ಎದ್ದು ಹೊರಡೋಣ ಅಂತ ನಾನಂದೆ. ಮುನಿಕೃಷ್ಣಮ್ಮ ಬಿಡಲಿಲ್ಲ, ಉಣ್ಣದೆ ಕಳಿಸಲ್ಲ ಅಂದರು. ಮುದ್ದೆ ಕಟ್ಟಿದರು. ಅವರೆಕಾಳು ಸಾರಿನ ಪಾತ್ರೆಯನ್ನ ಒಳಗಿನಿಂದ ತಂದು, ಬೆಳಕು ಬೀಳೋ ಹಾಗೆ ಹೊಸಿಲ ಹತ್ತಿರ ಇಟ್ಟರು. ಸೌಟು ಹಾಕಿ ತಳದಿಂದ ಮೇಲಕ್ಕೆ ತಿರುವಿದರು, ಎತ್ತಿ ಬಗ್ಗಿಸಿ ನೋಡಿದರು, ಮತ್ತೆ ತಿರುವಿದರು. ಮೊಮ್ಮಕ್ಕಳಿಗೆ ಬಡಿಸುವಾಗಲೂ ಈಗ ದಿನಾ ಇಂಗೇ ಅಂದರು. ಬಡಿಸಿ ಮುನಿಕೃಷ್ಣಮ್ಮ, ಸಾಕು ಅಂತ ಗೌಹರ್ ಅಂದಳು. ಅವರು ಸೌಟು ಎತ್ತಲಿಲ್ಲ. ನನಗೆ ಕಾಣ್ಸಾಕಿಲ್ಲ, ನೀವೂ ಒಂದ್ಸಲ ನೋಡ್ಬುಡಿ, ಆಮೇಕೆ ಬಡಿಸ್ತೀನಿ ಅಂತ ಪಾತ್ರೆಯನ್ನ ನಮ್ಮ ಕಡೆ ಸರಿಸಿ ಕೂತರು.

ಗೌಹರ್ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಪಾತ್ರೆಯೊಳಗೆ ನೋಡಿದಳು. ಹತ್ತೊಂಬತ್ತು ವರ್ಷ ಆ ಕೈ ಅಡುಗೆ ಉಂಡವಳು ನಾನು. ನಾನೂ ಬಗ್ಗಿ ನೋಡಿದೆ.